ಸ್ಟೇಕು, ಒಣಖಂಡ ಮತ್ತು ಅಶೋಕನ ಅಡುಗೆಮನೆ

ಹೋಟೆಲಿಗೆ ಹೋಗಿ ಉಣ್ಣುವುದೂ ಒಂದು ನೈತಿಕ ಪ್ರಶ್ನೆಯೇ ಎಂದು ಕೆಲವು ಗೆಳೆಯರು ನಗುತ್ತಾರೆ. ಹೋಟೆಲಿನ ಬಾಗಿಲು ತಮಗಾಗಿಯೇ ತೆರೆದಿದೆ ಎಂದು ಹುಟ್ಟಿದಂದಿನಿಂದ ನಂಬಿಕೊಂಡು ಬಂದವರು ಹಾಗೆ ನಗಬಹುದು. ನಾವು ನಗಲಾರೆವು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಕೇರಿಗಳಿಂದ ಹೊರಟು, ವಂಶದಲ್ಲೇ ಮೊದಲ ಸಲ ಡಿಗ್ರಿಯ ಕಾಗದ ಕೈಯಲ್ಲಿ ಹಿಡಿದವರು ನಾವು. ನಮ್ಮ ತಾತಂದಿರು ಊರ ಹೋಟೆಲಿನ ಹೊರಗೆ, ಜಗಲಿಯಿಂದ ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ತೆಂಗಿನ ಚಿಪ್ಪಿಗೆ ಮೇಲಿಂದ ಹುಯ್ಯಿಸಿಕೊಂಡು ಟೀ ಕುಡಿದವರು. ಅಪ್ಪಂದಿರ ಕಾಲಕ್ಕೆ ಚಿಪ್ಪು ಹೋಗಿ ಲೋಟ ಬಂತು. ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಬೇರೆ ಲೋಟ ಅದು. ತಾವೇ ತೊಳೆದು, ತಾವೇ ಕುಡಿದು, ಮತ್ತೆ ತಾವೇ ತೊಳೆದು ಅದೇ ಸಂದಿಗೆ ಸಿಕ್ಕಿಸಬೇಕು. ನಮ್ಮ ಕಾಲಕ್ಕೆ ಕುಡಿದು ಬಿಸಾಕುವ ಕಪ್ಪು ಬಂತು. ಎರಡು ಲೋಟದ ಚಿಂತೆ ತಪ್ಪಿ ಹೋಟೆಲಿನವನಿಗೂ ನಿರಾಳವಾಯಿತು. ಅಂಬೇಡ್ಕರರಿಂದ ಆಗದ್ದನ್ನು ಪ್ಲಾಸ್ಟಿಕ್ಕು ಮಾಡಿತಲ್ಲಪ್ಪಾ ಎಂದು ನಮ್ಮಲ್ಲೊಬ್ಬ ತಮಾಷೆ ಮಾಡುತ್ತಾನೆ. ಅವನಿಗೂ ಗೊತ್ತು, ಪ್ಲಾಸ್ಟಿಕ್ಕು ಮಾಡಿದ್ದು ಮರೆಮಾಚುವ ಕೆಲಸವನ್ನಷ್ಟೆ.

ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಎಂದು ಹೆಸರು ಹಿಡಿದು ಹೇಳಿದೆ: ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ಹೊರಗಿಡಕೂಡದು. ಒಂದು ದೇಶದ ಮೂಲ ಕಾನೂನು ಕುಂತು ಹೋಟೆಲಿನ ಮಾತಾಡಬೇಕಾಯಿತು ಅಂದರೆ ಹೋಟೆಲಿನೊಳಗೆ ಏನು ನಡೆಯುತ್ತಿತ್ತು ಅನ್ನುವುದನ್ನು ಬೇರೆ ಯಾರೂ ಸಾಕ್ಷಿ ಹೇಳಬೇಕಾಗಿಲ್ಲ. 1957ರಲ್ಲಿ ಮದ್ರಾಸಿನ ಟ್ರಿಪ್ಲಿಕೇನಿನಲ್ಲಿ ಪೆರಿಯಾರರ ಕಡೆಯವರು ಒಂದು ಹೋಟೆಲಿನ ಮುಂದೆ ದಿನಾ ಹೋಗಿ ನಿಂತರು. ಬೋರ್ಡಿನ ಮೇಲಿನ 'ಬ್ರಾಹ್ಮಣ' ಅನ್ನುವ ಪದ ಅಳಿಸು ಎಂಬುದಷ್ಟೇ ಅವರ ಕೇಳಿಕೆ. ದಿನಾ ಅರೆಸ್ಟಾದರು, ಮಾರನೆಯ ದಿನ ಬೇರೆಯವರು ಬಂದು ನಿಂತರು. ಅಮೆರಿಕದ ಗ್ರೀನ್ಸ್‌ಬರೋ ಊರಿನಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯ ಮುಂದೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಎದ್ದು ಹೋಗಲಿಲ್ಲ. ನಾಲ್ವರೂ ನಮ್ಮಷ್ಟೇ ವಯಸ್ಸಿನವರು, ಇನ್ನೂ ಚಿಕ್ಕವರೇ ಇರಬೇಕು.

ಇದು ಬಾಗಿಲಿನ ಜಗಳ. ಇದನ್ನು ನಮ್ಮ ಹಿರಿಯರು ಹೇಗೋ ಏನೋ ಅರ್ಧ ಗೆದ್ದುಕೊಟ್ಟಿದ್ದಾರೆ. ಈಗ ಚಳ್ಳಕೆರೆ ಬಸ್ ಸ್ಟ್ಯಾಂಡಿನ ಎದುರು ಯಾವ ಮಿಲ್ಟ್ರಿ ಹೋಟೆಲಿಗೆ ಹೋದರೂ ನಮಗೂ ಬೆಂಚಿದೆ, ಮುದ್ದೆಯಿದೆ, ಕುರಿ ಸಾರಿದೆ. ನಾವು ಇಲ್ಲಿ ಎತ್ತಬೇಕೆಂದಿರುವುದು ತಟ್ಟೆಯ ಜಗಳ. ಬಾಗಿಲು ದಾಟಿ ಒಳಗೆ ಬಂದವನು ತಟ್ಟೆಯಲ್ಲಿ ಏನಿಟ್ಟುಕೊಳ್ಳಬೇಕು, ಅದನ್ನು ತೀರ್ಮಾನ ಮಾಡುವವರು ಯಾರು?

ಹೋದ ವರ್ಷ ನಾವು ನಾಲ್ಕು ಜನ ಗೋವಾಕ್ಕೆ ಹೋಗಿದ್ದೆವು. ಮೋಜಿಗೆ ಅಲ್ಲ ಎಂದರೆ ಸುಳ್ಳಾಗುತ್ತದೆ. ಸಮುದ್ರ ನೋಡುವ ಆಸೆ ಇತ್ತು. ಆದರೆ ಹೋದದ್ದು ಮೊಳಕಾಲ್ಮೂರಿನ ನಮ್ಮ ಗೆಳೆಯನ ತಮ್ಮನನ್ನು ನೋಡಲು. ದಂಡೆಯ ಮೇಲಿನ ಒಂದು ಪಟ್ಟಣದಲ್ಲಿ ಆಗ ತಾನೇ ತೆರೆದಿದ್ದ ಸ್ಟೇಕ್ ಹೋಟೆಲಿನ ಅಡುಗೆಮನೆಯಲ್ಲಿ ಅವನು ಪಾತ್ರೆ ತೊಳೆಯುತ್ತಾನೆ. ಗೋವಾಕ್ಕೆ ಕೂಲಿಗೆ ಹೋಗುವ ಕನ್ನಡದವರ ಕಥೆ ಓದುಗರಿಗೆ ಹೊಸದಲ್ಲ. ವಾಸ್ಕೋದ ಬೈನಾ ದಂಡೆಯಲ್ಲಿ ಅವರ ಗುಡಿಸಲುಗಳ ಮೇಲೆ 2004ರಲ್ಲಿ ಬುಲ್ಡೋಜರ್ ಹತ್ತಿತು, ಆಮೇಲೂ ಹತ್ತಿತು. ಗೋವಾದ ರಸ್ತೆ, ಕಟ್ಟಡ, ಗಟಾರ ಎಲ್ಲದರಲ್ಲೂ ಬಯಲುಸೀಮೆಯ ಬೆವರಿದೆ. ಈ ಹುಡುಗನದು ಅದಕ್ಕಿಂತ ತುಸು ನೆರಳಿನ ಕೆಲಸ ಅಂತ ಅವರವ್ವನಿಗೆ ಸಮಾಧಾನ.

ತಮ್ಮ ಕೆಲಸ ಮಾಡುವ ಜಾಗದಲ್ಲಿ ಒಂದು ಸಲ ಗಿರಾಕಿಗಳಾಗಿ ಕೂತು ಉಂಡು ಬರೋಣ ಎಂದು ನಾವೇ ಹಟ ಹಿಡಿದೆವು. ದುಡ್ಡು ಕೂಡಿಸಿದೆವು. ಒಂದು ಸ್ಟೇಕಿಗೆ ಸಾವಿರಕ್ಕೆ ಹತ್ತಿರ. ಮೇಜಿನ ಮೇಲೆ ಬಿಳಿ ಬಟ್ಟೆ, ಗಾಜಿನ ಲೋಟ. ಎಲ್ಲರಿಗೂ ಒಂದೇ ಥರದ ಲೋಟವೇ ಅಂತ ನಮ್ಮ ಕಣ್ಣು ಮೊದಲು ಹುಡುಕಿದ್ದು ಅದನ್ನು! ಹೌದು, ಒಂದೇ ಥರದ್ದು. ಪಟ್ಟಿಯಲ್ಲಿ ಸರ್ಲಾಯಿನ್, ಟೆಂಡರ್ಲಾಯಿನ್, ಟಿ-ಬೋನ್ ಎಂದೆಲ್ಲ ಹೆಸರು. ಎಷ್ಟು ಬೇಯಬೇಕು ಸರ್, ರೇರ್, ಮೀಡಿಯಂ, ವೆಲ್ ಡನ್ ಎಂದು ಸಪ್ಲೈಯರ್ ಕೇಳಿದ. ನಮ್ಮ ಕೇರಿಯಲ್ಲಿ ಬೇಯಿಸುವುದಕ್ಕೆ ಒಂದೇ ಹದ: ಸೌದೆ ತೀರುವವರೆಗೆ. ಹನ್ನೆರಡು ವರ್ಷ ನೊಗ ಹೊತ್ತ ಎತ್ತಿನ ಖಂಡ ಬೇರೆ ಯಾವ ಹದಕ್ಕೂ ಬಗ್ಗುವುದಿಲ್ಲ.

ಟೆಂಡರ್ಲಾಯಿನ್ ಅಂದರೆ ಏನು ಅಂತ ತಮ್ಮ ಆಮೇಲೆ ತನ್ನ ಬೆನ್ನು ಮುಟ್ಟಿ ತೋರಿಸಿದ. ಬೆನ್ನೆಲುಬಿನ ಒಳಮಗ್ಗುಲಲ್ಲಿ, ಸೊಂಟದ ಹತ್ತಿರ ಇರುವ ಮಾಂಸ. ದನ ಬದುಕಿದ್ದಾಗ ಆ ಸ್ನಾಯುವಿಗೆ ಹೆಚ್ಚು ಕೆಲಸವಿಲ್ಲ, ಅದಕ್ಕೇ ಮೆದು, ಅದಕ್ಕೇ ದುಬಾರಿ. ದುಡಿದ ಕಾಲು, ನೊಗ ಹೊತ್ತ ಕತ್ತು, ತಲೆ, ಕರುಳು, ಬೋಟಿ, ಇವು ಅಗ್ಗ. ಕೇರಿಗೆ ಯಾವಾಗಲೂ ಬಂದದ್ದು ಇವೇ. ದುಡಿಯದ ಅಂಗಕ್ಕೆ ಬೆಲೆ, ದುಡಿದ ಅಂಗಕ್ಕೆ ಕಾಸಿಲ್ಲ ಅನ್ನುವ ಲೆಕ್ಕ ದನದ ಮೈಮೇಲೂ ಬರೆದಿದೆ ಅನ್ನುವುದು ನಮಗೆ ಅವತ್ತೇ ತಿಳಿದದ್ದು.

ಪಕ್ಕದ ಮೇಜಿನಲ್ಲಿ ಕನ್ನಡ ಮಾತಾಡುವ ಒಂದು ಗುಂಪಿತ್ತು, ಬೆಂಗಳೂರಿನವರು. ಅವರ ಜಾತಿ ನಮಗೆ ಗೊತ್ತಿಲ್ಲ, ಕೇಳುವ ಅಭ್ಯಾಸವೂ ನಮ್ಮದಲ್ಲ. ಒಬ್ಬ ಫೋಟೋ ತೆಗೆದ; ಇನ್ನೊಬ್ಬಳು, ಏ, ಇದನ್ನ ಹಾಕ್ಬೇಡ್ವೋ, ಊರಲ್ಲಿ ಅಜ್ಜಿ ನೋಡಿದ್ರೆ ಹಾರ್ಟ್ ನಿಂತೋಗತ್ತೆ ಅಂದಳು. ಎಲ್ಲರೂ ನಕ್ಕರು. ನಮಗೂ ನಗು ಬಂತು. ಮುಚ್ಚಿಟ್ಟು ತಿನ್ನುವ ಸುಖ ಅವರದು. ಆದರೆ ನಾವು ಚಳ್ಳಕೆರೆಯಲ್ಲಿ ಓದುವಾಗ ಬಾಡಿಗೆ ಕೋಣೆಯಲ್ಲಿ ಮುಚ್ಚಿಟ್ಟು ತಿಂದದ್ದು ಸುಖಕ್ಕಲ್ಲ. ಕೋಣೆ ಕೇಳಲು ಹೋದರೆ ಮನೆ ಓನರು ಜಾತಿ ಕೇಳುವುದಿಲ್ಲ, ಅವರು ವಿದ್ಯಾವಂತರು. ನೀವು ಏನು ಊಟ ಮಾಡ್ತೀರಪ್ಪಾ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಸರಿಯುತ್ತರ ಕೊಟ್ಟವನಿಗೆ ಬೀಗದ ಕೈ ಸಿಗುತ್ತದೆ. ಹಾಗಾಗಿ ಊರಿಂದ ಅವ್ವ ಕಳಿಸಿದ ಒಣಖಂಡದ ಗಂಟು ಬಿಚ್ಚುವ ದಿನ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಟವೆಲು ತುರುಕಿ, ಊದುಬತ್ತಿ ಹಚ್ಚಿ ಬೇಯಿಸಬೇಕು. ನಮ್ಮ ಕೋಣೆಯಲ್ಲಿ ಹಚ್ಚಿದಷ್ಟು ಊದುಬತ್ತಿಯನ್ನು ಆ ಓಣಿಯ ಗುಡಿಯಲ್ಲೂ ಹಚ್ಚಿರಲಾರರು.

ಅದೇ ದನ. ದಾರಕ್ಕೆ ಪೋಣಿಸಿ ಗುಡಿಸಲ ಮುಂದೆ ಒಣಗಹಾಕಿದರೆ ಮೈಲಿಗೆ. ಬಿಳಿ ಪಿಂಗಾಣಿಯ ಮೇಲೆ ರೋಸ್‌ಮೇರಿ ಸೊಪ್ಪಿನ ಕಡ್ಡಿ ಸಿಕ್ಕಿಸಿ ತಂದರೆ ನಾಗರಿಕತೆ. ಹಾಗಾದರೆ ಅಸಹ್ಯ ಇದ್ದದ್ದು ಮಾಂಸದ ಮೇಲೋ, ತಿನ್ನುವವನ ಮೇಲೋ?

ಇನ್ನೊಂದು ವಿಚಾರ ತಮ್ಮ ಹೇಳಿದ. "ಅರ್ಧಕ್ಕರ್ಧ ತಟ್ಟೇಲೇ ಬಿಟ್ಟು ಹೋಗ್ತಾರಣ್ಣ. ಹಂಗೇ ಸುರೀಬೇಕು." ಅವನು ಅದನ್ನು ತಿನ್ನುವಂತಿಲ್ಲ, ಹೋಟೆಲಿನ ನಿಯಮ. ತಿನ್ನಬೇಕೆಂದೂ ನಮಗನ್ನಿಸುವುದಿಲ್ಲ, ಎಂಜಲು ತಿಂದ ಕಾಲ ನಮ್ಮ ಅಜ್ಜಂದಿರಿಗೇ ಸಾಕಾಗಿದೆ. ಆದರೆ ನಮ್ಮನ್ನು ಕೂರಿಸಿಕೊಂಡ ಆ ಹೋಟೆಲು ನಮ್ಮ ಜಾತಿಯನ್ನು ಮರೆತದ್ದು ದುಡ್ಡಿಗೆ. ಒಡಹುಟ್ಟಿದವನನ್ನು ಅದೇ ಹೊತ್ತಿಗೆ ಗೋಡೆಯ ಆ ಕಡೆ ನಿಲ್ಲಿಸಿತ್ತು. ಈ ಥರದ ಸಮಾನತೆಯನ್ನು ಸಮಾನತೆ ಅಂತ ಕರೆಯುವ ಗೆಳೆಯರ ಜೊತೆ ನಮಗೆ ಜಗಳವಿದೆ. ಅದು ಬೇರೆ ಲೇಖನ.

ಆ ತಟ್ಟೆಗೆ ಮಾಂಸ ಬಂದ ದಾರಿಯನ್ನು ನೋಡಿ. ಗೋವಾದಲ್ಲಿ ಆಕಳನ್ನು ಕಡಿಯಬಾರದೆಂಬ ಕಾಯ್ದೆ 1978ರಿಂದ ಇದೆ. ಎತ್ತು, ಎಮ್ಮೆ, ಕೋಣಕ್ಕೆ ಪರವಾನಗಿ ಪಡೆದು ಅವಕಾಶವಿದೆ. ಅಲ್ಲಿಗೆ ಬೇಕಾದ ಮಾಂಸದ ಬಹುಪಾಲು ಬರುತ್ತಿದ್ದದ್ದು ನಮ್ಮ ಬೆಳಗಾವಿ ಕಡೆಯಿಂದ. ಕರ್ನಾಟಕದಲ್ಲಿ 1964ರ ಕಾಯ್ದೆ ಹನ್ನೆರಡು ವರ್ಷ ದಾಟಿದ, ದುಡಿಯಲಾಗದ ಎತ್ತು ಎಮ್ಮೆಗಳನ್ನು ಕಡಿಯಲು ಬಿಟ್ಟಿತ್ತು. 2020ರ ಹೊಸ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂತು. ಹದಿಮೂರು ವರ್ಷ ಮೀರಿದ ಎಮ್ಮೆ ಕೋಣ ಬಿಟ್ಟು ಉಳಿದೆಲ್ಲಕ್ಕೂ ನಿಷೇಧ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು, ರಾಸಿಗೆ 50,000ದಿಂದ 5 ಲಕ್ಷದವರೆಗೆ ದಂಡ. ಆ ತಿಂಗಳೇ ಗೋವಾದಲ್ಲಿ ಮಾಂಸದ ಅಭಾವವೆಂದು ಕೂಗೆದ್ದಿತು, ಅಲ್ಲಿನ ಮುಖ್ಯಮಂತ್ರಿ ಬೇರೆ ರಾಜ್ಯದಿಂದ ತರಿಸುವ ಮಾತಾಡಿದರು. ಇಲ್ಲಿ ನಿಷೇಧ ತಂದದ್ದೂ ಅಲ್ಲಿ ಪೂರೈಕೆಗೆ ಓಡಾಡಿದ್ದೂ ಒಂದೇ ಪಕ್ಷದ ಸರ್ಕಾರಗಳು! ಪ್ರವಾಸಿಯ ಹಸಿವಿಗೆ ಒಂದು ಧರ್ಮ, ಕೇರಿಯ ಹಸಿವಿಗೆ ಇನ್ನೊಂದು ಧರ್ಮ. 2023ರಲ್ಲಿ ನಮ್ಮಲ್ಲಿ ಸರ್ಕಾರ ಬದಲಾಯಿತು, ಕಾಯ್ದೆ ರದ್ದಾಗಲಿಲ್ಲ. ಆ ಪಕ್ಷದವರನ್ನೂ ನಾವು ಬಿಡಬೇಕಿಲ್ಲ.

ಕೋರ್ಟೂ ಹೀಗೇ. 1958ರ ಹನೀಫ್ ಖುರೇಷಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಆಕಳ ಮಾತು ಬೇರೆ, ದುಡಿಯಲಾರದ ಎತ್ತು ಎಮ್ಮೆಗಳಿಗೂ ಪೂರ್ತಿ ನಿಷೇಧ ಹಾಕುವುದು ಸಲ್ಲದು ಎಂದಿತು. 2005ರಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಅದೇ ಕೋರ್ಟು ಸಲ್ಲುತ್ತದೆ ಎಂದಿತು. ಮುದಿ ಎತ್ತಿನ ಹಲ್ಲೇನೂ ಈ ನಡುವೆ ಹೊಸದಾಗಿ ಹುಟ್ಟಿರಲಿಲ್ಲ.

ನಮ್ಮ ಸೀಮೆ ಮಳೆ ಕಾಣದ ಸೀಮೆ. ಶೇಂಗಾ ಹಾಕಿ ಮುಗಿಲು ನೋಡುವ ಜನ. ಎಣ್ಣೆ ಮಿಲ್ಲುಗಳಿಂದ ಚಳ್ಳಕೆರೆಗೆ ಒಂದು ಕಾಲದಲ್ಲಿ ಎರಡನೇ ಬೊಂಬಾಯಿ ಎಂಬ ಹೆಸರಿತ್ತು. ಬೆಳೆದವನು ಆಗಲೂ ಬಡವನೇ. ಎರಡೆಕರೆಯವನ ಎತ್ತು ಮುದಿಯಾದರೆ ಅದನ್ನು ಮಾರಿದ ದುಡ್ಡೇ ಮುಂದಿನ ಜೋಡಿಗೆ ಬಂಡವಾಳ. ಬರದ ವರ್ಷ ಮಕ್ಕಳ ಹೊಟ್ಟೆಗೇ ಇಲ್ಲದಾಗ ದುಡಿಯದ ಎತ್ತಿಗೆ ಮೇವು ಹಾಕು ಎಂದು ಹೇಳುವುದು ಸುಲಭ, ಹೇಳುವವನ ಹಿತ್ತಲಲ್ಲಿ ಎತ್ತು ಇರದಿದ್ದರೆ. ಮೇವಿನ ಮಾತು ಬಂದದ್ದರಿಂದ ಹೇಳುತ್ತೇವೆ: ಮೈಸೂರು ದೊರೆಗಳ ಕಾಲದಿಂದ ಅಮೃತಮಹಲ್ ರಾಸುಗಳಿಗೆಂದು ಬಿಟ್ಟಿದ್ದ ಕಾವಲುಗಳು ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲಿದ್ದವು. ಹೈದರ್, ಟಿಪ್ಪುವಿನ ಫಿರಂಗಿ ಎಳೆದ ತಳಿ ಅದು. ಆ ಹುಲ್ಲುಗಾವಲಿನಲ್ಲಿ 4,290 ಎಕರೆ ರಕ್ಷಣಾ ಸಂಶೋಧನೆಯವರಿಗೆ, 1,810 ಎಕರೆ ಭಾಭಾ ಅಣು ಕೇಂದ್ರಕ್ಕೆ, 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ, 573 ಎಕರೆ ಇಸ್ರೋಗೆ ಹೋಯಿತು. ಬೇಲಿ ಬಿತ್ತು. ದೊಡ್ಡ ಉಳ್ಳಾರ್ತಿಯ ಕುರಿಗಾಹಿಗಳು, ದನಗಾಹಿಗಳು ಹೋರಾಡಿದರು, ಹಸಿರು ನ್ಯಾಯಮಂಡಳಿಯವರೆಗೂ ಹೋದರು. ವಿಜ್ಞಾನ ಬೇಡವೆಂದು ನಾವು ಹೇಳುತ್ತಿಲ್ಲ, ನಮ್ಮಲ್ಲಿ ಇಬ್ಬರು ಬಿ.ಎಸ್ಸಿ. ಓದಿದವರೇ ಇದ್ದೇವೆ. ಗೋವು ತಾಯಿ ಎನ್ನುವ ನಾಡು ಆ ತಾಯಿಯ ಹುಲ್ಲನ್ನು ಕಸಿದುಕೊಳ್ಳುವಾಗ ಗೋರಕ್ಷಕರು ಎಲ್ಲಿದ್ದರು ಅಂತ ಕೇಳುತ್ತಿದ್ದೇವೆ, ಅಷ್ಟೆ.

ಇಷ್ಟು ಹೊತ್ತು ಎದುರಿನವರನ್ನು ಬೈದದ್ದಾಯಿತು. ಈಗ ನಮ್ಮೊಳಗಿನ ಜಗಳಕ್ಕೆ ಬರೋಣ. ಅದೇ ಕಷ್ಟದ್ದು.

ಆ ಹೋಟೆಲಿನಲ್ಲಿ ನಾಲ್ವರಲ್ಲಿ ಮೂವರು ಸ್ಟೇಕು ತಿಂದೆವು. ಒಬ್ಬ ತಿನ್ನಲಿಲ್ಲ, ಮೀನು ಅನ್ನ ತರಿಸಿಕೊಂಡ. ಅವನ ಅಪ್ಪ ಬೌದ್ಧ ದೀಕ್ಷೆ ತಗೊಂಡವರು. ಸತ್ತ ದನದ ಬಾಡು ಈ ಮನೆಯ ಹೊಸ್ತಿಲು ದಾಟಬಾರದು ಎಂದು ಅವರ ತಾತನ ಕಾಲದಲ್ಲೇ ಆಣೆ ಮಾಡಿ, ಆ ಆಣೆಗಾಗಿ ಊರಗೌಡರಿಂದ ಏಟು ತಿಂದ ಮನೆತನ. ಸತ್ತ ದನ ಎತ್ತಲ್ಲ ಅಂದರೆ ಸುಗ್ಗಿಯಲ್ಲಿ ಆಯ ಕೊಡಲ್ಲ ಅಂದರಂತೆ. ಎತ್ತಲಿಲ್ಲ, ಆಯವೂ ಬರಲಿಲ್ಲ, ಎರಡು ವರ್ಷ ಅರೆಹೊಟ್ಟೆ. ಅಂಥ ಮನೆಯಿಂದ ಬಂದವನು ವಾಪಸು ಬರುವಾಗ ರಾತ್ರಿ ಬಸ್ಸಿನಲ್ಲಿ ನಮ್ಮನ್ನು ಕೇಳಿದ: "ಅಲ್ಲಲೇ, ಬಾಬಾಸಾಹೇಬರು ಬಿಡಿ ಅಂದದ್ದನ್ನ ನೀವು ಸಾವಿರ ರೂಪಾಯಿ ಕೊಟ್ಟು ತಿಂದು ಬಂದ್ರಲ್ಲ, ಇದ್ಯಾವ ಬಂಡಾಯನಲೇ?"

ಸುಲಭದ ಪ್ರಶ್ನೆಯಲ್ಲ. 1927ರ ಮಾರ್ಚಿನಲ್ಲಿ ಮಹಾಡದ ಪರಿಷತ್ತಿನಲ್ಲಿ, ಚೌಡಾರ್ ಕೆರೆಯ ನೀರು ಮುಟ್ಟುವ ಹೊತ್ತಿಗೇ, ಅಂಬೇಡ್ಕರರು ಜನರನ್ನು ಕೇಳಿಕೊಂಡದ್ದು ಸತ್ತ ದನದ ಮಾಂಸ ಬಿಡಿ, ಎಸೆದ ತುಣುಕು ಆಯುವುದು ಬಿಡಿ ಎಂದು. 1948ರಲ್ಲಿ ಅಸ್ಪೃಶ್ಯರು ಯಾರು ಎಂಬ ಪುಸ್ತಕ ಬರೆದಾಗ ಅವರು ಇನ್ನೊಂದು ಮಾತು ಸಾಧಿಸಿದರು. ಒಂದು ಕಾಲದಲ್ಲಿ ಬ್ರಾಹ್ಮಣರೂ ಗೋಮಾಂಸ ತಿನ್ನುತ್ತಿದ್ದರು. ಬೌದ್ಧ ಧರ್ಮದ ಜೊತೆಗಿನ ಪೈಪೋಟಿಯಲ್ಲಿ ಅವರು ಅದನ್ನು ಬಿಟ್ಟು ಹಸುವನ್ನು ಪವಿತ್ರ ಮಾಡಿದರು. ಊರಾಚೆ ಉಳಿದ ಒಡೆದ ಜನ ಸತ್ತ ದನ ತಿನ್ನುತ್ತಲೇ ಉಳಿದದ್ದರಿಂದ ಮುಟ್ಟಬಾರದವರಾದರು. ಈ ವಾದದ ಪ್ರತಿ ಎಳೆಯನ್ನೂ ಇತಿಹಾಸಕಾರರು ಒಪ್ಪಬೇಕೆಂದೇನಿಲ್ಲ. ಆದರೆ ಒಂದು ಕಡೆ ಬಿಡಿ ಅಂದವರು, ಇನ್ನೊಂದು ಕಡೆ ತಿಂದದ್ದು ಪಾಪವಾಗಿರಲಿಲ್ಲ ಅಂದದ್ದು ಹೇಗೆ?

ನಮಗೆ ಕಾಣುವುದು ಹೀಗೆ. ಅಂಬೇಡ್ಕರರು ಬಿಡಿಸಿದ್ದು ದನವನ್ನಲ್ಲ, ದಾನವನ್ನು. ಸತ್ತ ದನದ ಖಂಡ ನಮ್ಮ ಅಡುಗೆಯಾಗಿರಲಿಲ್ಲ, ಅದು ಕೂಲಿಯಾಗಿತ್ತು. ಕೊಳೆತದ್ದನ್ನು ಕೊಟ್ಟು ದುಡಿಸಿಕೊಂಡವರ ಲೆಕ್ಕದ ಪುಸ್ತಕದಲ್ಲಿದ್ದ ಬಾಬತ್ತು. ನಾವು ಸುಲಿದ ಚರ್ಮದಲ್ಲಿ ಕಪಿಲೆಯ ಚೀಲ ಹೊಲಿದರು, ಆ ಚೀಲದಿಂದ ಎತ್ತಿದ ನೀರು ಊರಿನ ತೋಟಕ್ಕೆಲ್ಲ ಹರಿಯಿತು. ನೀರಿಗೆ ಮೈಲಿಗೆಯಾಗಲಿಲ್ಲ. ಸುಲಿದವನು ಬಾವಿ ಮುಟ್ಟಿದರೆ ಮಾತ್ರ ಮೈಲಿಗೆ. ಈ ವ್ಯವಹಾರಕ್ಕೆ ಒಲ್ಲೆ ಎನ್ನುವುದು ಮನುಷ್ಯನಾಗುವ ಮೊದಲ ಹೆಜ್ಜೆ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಹುಡುಗರನ್ನು ಕಟ್ಟಿ ಹೊಡೆದಾಗ, ಅಲ್ಲಿಯ ದಲಿತರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿಗಳ ಮುಂದೆ ಸುರಿದರು. ನಿಮ್ಮ ತಾಯಿ, ನೀವೇ ಮಣ್ಣು ಮಾಡಿ ಎಂದರು. ಮಹಾಡದ ಮಾತು ತೊಂಬತ್ತು ವರ್ಷದ ಮೇಲೆ ಮತ್ತೆ ಕೇಳಿದ್ದು ಅಲ್ಲಿ.

ಹಾಗಂತ ನಮ್ಮ ಗೆಳೆಯನ ಪ್ರಶ್ನೆ ತೀರಲಿಲ್ಲ. ಕೂಲಿಯಾಗಿ ಬಂದದ್ದನ್ನು ಬಿಡುವುದು ಸ್ವಾಭಿಮಾನ ಸರಿ. ಸಂತೆಯಲ್ಲಿ ನಮ್ಮ ದುಡ್ಡಿಗೆ ಕೊಂಡ ಮಾಂಸ? 2012ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಬಹಿರಂಗವಾಗಿ ದನದ ಬಾಡಿನ ಹಬ್ಬ ಮಾಡಿದಾಗ, ಹಾಸ್ಟೆಲಿನ ಮೆಸ್ಸಿನಲ್ಲಿ ಎಲ್ಲರ ಅಡುಗೆಗೂ ಜಾಗವಿದ್ದು ನಮ್ಮದಕ್ಕೆ ಯಾಕಿಲ್ಲ ಎಂದು ಕೇಳಿದಾಗ, ನಮಗೆ ಮೈ ಜುಮ್ಮೆಂದಿತ್ತು. ಅದು ಬೇಕಾಗಿತ್ತು. ಆದರೆ ನಮ್ಮಲ್ಲಿ ಕೆಲವರು ಈಗ ದನ ತಿನ್ನುವುದನ್ನೇ ದಲಿತನ ಗುರುತಿನ ಚೀಟಿ ಮಾಡುತ್ತಿದ್ದಾರೆ. ತಿನ್ನದವನು ಅರ್ಧ ದಲಿತ, ಅಡ್ಡಗೋಡೆಯ ಮೇಲೆ ದೀಪ ಇಟ್ಟವನು ಎಂಬಂತೆ. ಇದನ್ನು ನಾವು ಒಪ್ಪುವುದಿಲ್ಲ. ಅಪ್ಪನ ಆಣೆ ಉಳಿಸಿಕೊಂಡು ಮೀನು ಅನ್ನ ತಿಂದವನೂ ಸ್ಟೇಕು ತಿಂದವರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಅವನ ಒಲ್ಲೆ ಅವನದೇ, ನಮ್ಮ ಹೂಂ ನಮ್ಮದೇ. ಕಾನೂನು ಬಂದು ತಟ್ಟೆ ಕಸಿದುಕೊಂಡರೆ ನಮ್ಮ ಹೂಂ ಮಾತ್ರವಲ್ಲ, ಅವನ ಒಲ್ಲೆಯೂ ಸತ್ತಿತು. ಪೊಲೀಸಿಗೆ ಹೆದರಿ ತಿನ್ನದವನಿಗೂ ಮನಸ್ಸು ಮಾಡಿ ತಿನ್ನದವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಅರೆಹೊಟ್ಟೆಯಲ್ಲಿ ಎರಡು ವರ್ಷ ಕಳೆದ ಆ ಮನೆತನದ ಆಣೆಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ?

ಪ್ರಾಣಿದಯೆಯ ಮಾತನ್ನು ನಾವು ಹಗುರ ಮಾಡುವುದಿಲ್ಲ. ಹೇಗೆ ಮಾಡಲಿ, ಆ ಮಾತು ನಮ್ಮ ಹೊಲದ ಬಂಡೆಯ ಮೇಲೇ ಕೆತ್ತಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಲೋಕಕ್ಕೆ ತೋರಿಸಿದ್ದು. ತಾಯಿ ತಂದೆಯ ಮಾತು ನಡೆಸಬೇಕು, ಜೀವಿಗಳ ಮೇಲೆ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು ಎಂಬ ಅರ್ಥದ ಮಾತು ಅಲ್ಲಿದೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದಿಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂದೂ ಇದೆ. ಕೆತ್ತಿದ ಬರಹಗಾರ ಚಪಡ ಎಂಬಾತ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ, ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದು. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ನಮ್ಮ ಸೀಮೆಗೆ ಬಂದ ಒಬ್ಬ ಗುಮಾಸ್ತನ ಈ ಸಣ್ಣ ಜಂಬ ನಮಗೆ ಬಹಳ ಇಷ್ಟ.

ಆದರೆ ಅಶೋಕ ಪ್ರಾಣಿದಯೆಯನ್ನು ಎಲ್ಲಿಂದ ಶುರು ಮಾಡಿದ ಅನ್ನುವುದನ್ನು ನೋಡಬೇಕು. ನಮ್ಮ ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇರುವ ಅವನ ಮೊದಲನೆಯ ಬಂಡೆ ಶಾಸನ ತನ್ನದೇ ಅಡುಗೆಮನೆಯ ಲೆಕ್ಕ ಒಪ್ಪಿಸುತ್ತದೆ. ಮೊದಲು ಅರಸನ ಅಡುಗೆಗೆ ದಿನಕ್ಕೆ ಲಕ್ಷಾಂತರ ಪ್ರಾಣಿ ಸಾಯುತ್ತಿದ್ದವು. ಈ ಶಾಸನ ಬರೆಸುವಾಗ ಮೂರೇ: ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಇಲ್ಲ. ಮುಂದೆ ಈ ಮೂರೂ ಇರುವುದಿಲ್ಲ. ಚಕ್ರವರ್ತಿಯೊಬ್ಬ ಇನ್ನೂ ಎರಡು ನವಿಲು ನನ್ನ ತಟ್ಟೆಗೆ ಬರುತ್ತಿವೆ ಎಂದು ಕಲ್ಲಿನ ಮೇಲೆ ಬರೆಸಿದ! ಆಮೇಲೆ ಸ್ತಂಭ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಉದ್ದದ ಪಟ್ಟಿ ಕೊಟ್ಟ, ಅದರಲ್ಲಿ ಬಾವಲಿ, ಆಮೆ, ಅಳಿಲು ಇವೆ. ಹಾಲು ಕರೆಯುವ ಆಕಳಿಗೆಂದು ಬೇರೆ ಸಾಲಿಲ್ಲ. ಇವತ್ತಿನ ದಯೆ ತನ್ನ ಅಡುಗೆಮನೆಯ ಲೆಕ್ಕ ಒಪ್ಪಿಸುವುದಿಲ್ಲ. ಅದು ಪಕ್ಕದ ಮನೆಯ ಒಲೆಗೆ ಮೂಗು ಚಾಚುತ್ತದೆ.

ಅದೇ ಮೊಳಕಾಲ್ಮೂರಿನಲ್ಲಿ ರೇಷ್ಮೆ ನೇಯುತ್ತಾರೆ. ಹೆಸರಾದ ಸೀರೆ. ಒಂದು ಸೀರೆಗೆ ಸಾವಿರಾರು ಗೂಡು. ಪ್ರತಿ ಗೂಡಿನೊಳಗೂ ಒಂದು ಹುಳ, ಬೇಯಿಸಿದರೆ ತಾನೆ ನೂಲು ಬಿಚ್ಚುವುದು. ಹಾಗೆ ನೂತದ್ದೇ ಮಡಿಬಟ್ಟೆ, ಪೂಜೆಗೆ ಉಡುವುದು. ನೇಕಾರರ ಅನ್ನದ ಮೇಲೆ ನಾವು ಕಲ್ಲು ಹಾಕುತ್ತಿಲ್ಲ. ಹಿಂಸೆಯೇ ಇಲ್ಲದ ಬಾಳು ಯಾರದೂ ಇಲ್ಲ ಅನ್ನುವುದು ಗೊತ್ತಿದ್ದೂ, ಯಾರ ಹಿಂಸೆ ಮಡಿ, ಯಾರ ಹಿಂಸೆ ಮೈಲಿಗೆ ಎಂದು ಪಟ್ಟಿ ಮಾಡಿದ ಕೈ ಯಾವುದು ಎಂದು ಕೇಳಬೇಕಾಗಿದೆ.

ಮ್ಯಾಸಬೇಡರನ್ನು ನೋಡಿ, ನಮ್ಮ ನೆರೆಹೊರೆಯವರೇ. ಅವರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಆ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಬರದಲ್ಲೂ ಅವುಗಳ ಬೆನ್ನು ಬಿಡದೆ ಅಲೆದು ಮೇಯಿಸುತ್ತಾರೆ. ಅವರು ಕೋಳಿಯನ್ನೂ ತಿನ್ನುವುದಿಲ್ಲ. ಕುಲದ ಕಟ್ಟಳೆ. ಆ ಹಟ್ಟಿಗಳಲ್ಲಿ ಮಡಿಯ ಗೆರೆ ನಮ್ಮ ಕಾಲಿಗೂ ಅಡ್ಡ ಬರುವುದುಂಟು, ಆ ಲೆಕ್ಕ ಬಾಕಿ ಇದೆ. ಆದರೂ ಒಂದು ಮಾತು ಹೇಳಲೇಬೇಕು: ಕೋಳಿ ತಿನ್ನುವವರನ್ನೆಲ್ಲ ಜೈಲಿಗೆ ಹಾಕಿ ಎಂದು ಅವರು ಬೆಂಗಳೂರಿಗೆ ಅರ್ಜಿ ಹಿಡಿದು ಹೋದದ್ದಿಲ್ಲ. ತಮ್ಮ ಕಟ್ಟಳೆಯ ಭಾರವನ್ನು ತಮ್ಮ ಹೆಗಲ ಮೇಲೇ ಹೊತ್ತರು, ತಮ್ಮ ಕಾಲಲ್ಲೇ ಅಡವಿ ಅಲೆದರು.

ಕೊನೆಗೆ ಇದು ಮೇಷ್ಟ್ರುಗಳ ಪ್ರಶ್ನೆ ಕೂಡ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮಳಿಗೆಗಳಿಗೆ ಕೊಟ್ಟ ಸೂಚನೆಯಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿಗೆ ಕೂರಿಸಿ ನಿಷೇಧ ಎಂದಿದ್ದರು. ಮಂಡ್ಯದ ಗೆಳೆಯರು ಬಾಡೂಟ ಬೇಕೆಂದು ಎದ್ದರು, ಸರಿಯಾಗಿಯೇ ಎದ್ದರು. ಶಾಲೆಯ ಬಿಸಿಯೂಟದಲ್ಲಿ ಇದೇ ಜಗಳ ಮೊಟ್ಟೆಯ ರೂಪದಲ್ಲಿ ಬಂದದ್ದು ಅದಕ್ಕೂ ಮೊದಲು. 2021ರ ಡಿಸೆಂಬರಿನಲ್ಲಿ ಬಳ್ಳಾರಿ ಸೇರಿ ಕೆಲವು ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಗಳವರು ಬೀದಿಗಿಳಿಯುವ ಮಾತಾಡಿದರು. ಮೊಳಕಾಲ್ಮೂರಿನ ರಾಂಪುರ ದಾಟಿದರೆ ಬಳ್ಳಾರಿ. ಗಡಿಯ ಆ ಕಡೆಯ ಮಗುವಿಗೆ ಮೊಟ್ಟೆ, ಈ ಕಡೆಯ ಮಗುವಿಗೆ ಇಲ್ಲ. ಮರುವರ್ಷ ನಮ್ಮ ಕಡೆಗೂ ಬಂತು. ಬೇಡ ಅಂದವರಿಗೆ ಬಾಳೆಹಣ್ಣು, ಇಲ್ಲವೇ ಶೇಂಗಾ ಚಿಕ್ಕಿ. ಆ ಕ್ರಮದಲ್ಲಿ ನಮಗೆ ತಕರಾರಿಲ್ಲ. ಒಲ್ಲೆಗೂ ಜಾಗವಿದೆ, ಹೂಂಗೂ ಜಾಗವಿದೆ.

ಮೊಟ್ಟೆ ಬಂದ ಹೊಸತರಲ್ಲಿ, ನಮ್ಮ ಬಳಗದ ಒಬ್ಬರು ಮೇಷ್ಟ್ರಾಗಿರುವ ಊರಿನಲ್ಲಿ ನಾಲ್ಕು ಜನ ಹಿರಿಯರು ಶಾಲೆಗೆ ಬಂದರಂತೆ. ಮೊಟ್ಟೆ ಕೊಡಬೇಡಿ ಅನ್ನಲಿಲ್ಲ. "ಮೊಟ್ಟೆ ಮಕ್ಳನ್ನ ಆ ಕಡೆ ಕೂರ್ಸಿ ಮೇಷ್ಟ್ರೆ, ಹಣ್ಣಿನ ಮಕ್ಳು ಈ ಕಡೆ ಕೂರ್ಲಿ, ವಾಸನೆ ಬರ್ತೈತೆ" ಅಂದರು. ಮೇಷ್ಟ್ರು ನಯವಾಗಿಯೇ, ನಮ್ದು ಒಂದೇ ಜಮಖಾನ ಯಜಮಾನ್ರೆ, ಹರಿಯೋಕಾಗಲ್ಲ ಅಂದರು. ಹಾಜರಿ ಪುಸ್ತಕದ ಅನುಕ್ರಮದಲ್ಲಿ ಮಕ್ಕಳನ್ನು ಕೂರಿಸಿದರು. ಮೂರನೆಯ ದಿನ ಸಾಲಿನ ಕೊನೆಯಲ್ಲಿ ಏನೋ ಗುಸುಗುಸು. ಬಾಳೆಹಣ್ಣಿನ ಹುಡುಗಿಯೊಬ್ಬಳು ತಟ್ಟೆಯ ಮರೆಯಲ್ಲಿ ಅರ್ಧ ಹಣ್ಣು ಈಚೆ ತಳ್ಳುತ್ತಿದ್ದಾಳೆ, ಕೇರಿಯ ಹುಡುಗ ಅರ್ಧ ಮೊಟ್ಟೆ ಆಚೆ ತಳ್ಳುತ್ತಿದ್ದಾನೆ. ಮೇಷ್ಟ್ರು ನೋಡಿದರು. ಆ ಹುಡುಗಿಯ ಅಪ್ಪನಿಗೆ ತಿಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಹುಡುಗನ ಮೇಲೆಯೇ ಬರುತ್ತದೆ. ಸಾರಿನ ಬಕೆಟ್ಟು ಎತ್ತಿಕೊಂಡು ಸಾಲಿನ ಇನ್ನೊಂದು ತುದಿಗೆ ಬಡಿಸಲು ಹೋದರು.